ನಂಬರು ಇರುವುದು ಕೆಳಗಿನ ಭಾಗಕ್ಕೆ

ಪುಣೆ
24 ಮಾರ್ಚ್ 2024

ಅಜ್ಜಿ,

ಇಲ್ಲಿ ಶೂಟಿಂಗ್ ಶಿಬಿರದಲ್ಲಿ ನಮ್ಮ ಫೋನುಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದಾರೆ. ಭಾನುವಾರ ಹತ್ತು ನಿಮಿಷ ಕೊಡುತ್ತಾರೆ. ಆ ಹತ್ತು ನಿಮಿಷ ನೀವು ಊಟ ಆಯ್ತಾ, ತಲೆಗೆ ಎಣ್ಣೆ ಹಾಕ್ಕೊಂಡ್ಯಾ ಅಂತ ಕೇಳೋದರಲ್ಲೇ ಮುಗಿಯುತ್ತೆ. ಕೋವಿಯ ಮಾತು ಫೋನಲ್ಲಿ ಬೇಡ ಅನ್ನುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ತಾತನ ರೈಫಲ್ಲಿನ ಅಪ್ಪರ್ ದಣಿದಿದೆ. ಐವತ್ತು ಮೀಟರಿನಲ್ಲಿ ಗುಂಡುಗಳು ಮೊದಲಿನ ಹಾಗೆ ಒಂದೇ ಕಡೆ ಕೂರುತ್ತಿಲ್ಲ. ಇಲ್ಲಿ ತುಂಬಾ ಜನರ ರೈಫಲ್ಲು ನಮ್ಮದರ ಹಾಗೇ ಎರಡು ಭಾಗದ್ದು. ಕೆಳಗೆ ಹಿಡಿ ಮತ್ತು ಬೆರಳಲ್ಲಿ ಎಳೆಯುವ ಕುದುರೆ, ಮೇಲೆ ನಳಿಗೆ ಕೂರುವ ಅಪ್ಪರ್. ಮೇಲಿನದು ಹಳೆಯದಾದರೆ ಅದನ್ನಷ್ಟೇ ಕಳಚಿ ಬೇರೆ ಕೂರಿಸುತ್ತಾರೆ. ಹೊರದೇಶದ ಹುಡುಗಿಯರು ನಾವು ಬಳೆ ಆರಿಸಿದ ಹಾಗೆ ಅಂಗಡಿಯಲ್ಲಿ ಆರಿಸಿಕೊಂಡು ಬರುತ್ತಾರಂತೆ.

ಜೂನ್ 30ಕ್ಕೆ ಕೊನೆಯ ಟ್ರಯಲ್. ತಂಡಕ್ಕೆ ತೆಗೆದುಕೊಳ್ಳೋದು ಮೂವರನ್ನು. ನಾನೀಗ ನಾಲ್ಕನೆಯವಳು, ಮೂರನೆಯವಳಿಗಿಂತ ಒಂದೇ ಪಾಯಿಂಟು ಕಡಿಮೆ. ನಮ್ಮ ರೈಫಲ್ಲಿಗೆ ಕೂರುವ ಒಂದು ಅಪ್ಪರ್ ಎಲ್ಲಾದರೂ ಸಿಗುತ್ತಾ ಅಜ್ಜಿ? ಕೋವಿ ಅಂಗಡಿಯವರು ನೀವು, ನಿಮಗೆ ಇಲ್ಲ ಅನ್ನೋರು ಯಾರು?

ವಾಣಿ


ಚಾಮರಾಜಪೇಟೆ
30 ಮಾರ್ಚ್ 2024

ವಾಣಿ,

ನಿನ್ನ ಪತ್ರ ಗುರುವಾರ ಬಂತು. ನನಗೂ ಇಲ್ಲ ಅನ್ನುತ್ತಾರೆ, ತಿಳಿದುಕೋ. ದೆಹಲಿಯ ಇಬ್ಬರು ವ್ಯಾಪಾರಿಗಳನ್ನು ಕೇಳಿದೆ. ಹೊರದೇಶದಿಂದ ತರಿಸಬೇಕು, ರೈಫಲ್ ಸಂಘದ ಪತ್ರ, ಸರ್ಕಾರದ ಅನುಮತಿ, ಕಸ್ಟಮ್ಸ್ ಎಲ್ಲ ಸೇರಿ ಎಂಟು ತಿಂಗಳು ಎಂದರು. ಕಲ್ಕತ್ತದವರು ಆ ಮಾಡೆಲ್ಲನ್ನು ಕಂಪನಿಯೇ ನಿಲ್ಲಿಸಿದೆ, ಈಗ ಬರುವ ಅಪ್ಪರ್ ನಿಮ್ಮದರ ಮೇಲೆ ಕೂರುವುದಿಲ್ಲ ಎಂದರು. ಮೈಸೂರಿನವನು ನಕ್ಕ. ನಿನ್ನ ತಾತ ಇದ್ದಿದ್ದರೆ ನಗುತ್ತಿರಲಿಲ್ಲ.

ಚುನಾವಣೆ ಬಂದಿದೆಯಲ್ಲ, ಲೈಸೆನ್ಸ್ ಇರುವವರೆಲ್ಲ ತಮ್ಮ ಕೋವಿಗಳನ್ನು ಠಾಣೆಗೋ ನಮ್ಮಂಥ ಅಂಗಡಿಗೋ ಒಪ್ಪಿಸಿ, ಎಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಹೋಗಬೇಕು. ನಮ್ಮಲ್ಲಿ ಇವತ್ತಿಗೆ ನೂರ ಅರವತ್ತೆರಡು ಠೇವಣಿ ಬಂದಿವೆ. ಅಡುಗೆಮನೆಯವರೆಗೂ ಕೋವಿ ಎಣ್ಣೆಯ ವಾಸನೆ. ಈ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಮಾಡುತ್ತಿರುವ ಹಾಗೇ ಪುಟ್ಟಯ್ಯ ಕನ್ನಡಕ ಏರಿಸಿಕೊಂಡು ಒಂದೊಂದರ ನಂಬರನ್ನೂ ಗಟ್ಟಿಯಾಗಿ ಓದುತ್ತಾನೆ, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಬಿಡಿಸಿಕೊಳ್ಳುವ ದಿನವೂ ಹಾಗೇ, ಅವನು ಓದಬೇಕು, ನಾನು ಗುರುತು ಹಾಕಬೇಕು, ಅವನು ರುಜು ಮಾಡಬೇಕು. ಮದುವೆಯಾಗಿ ಬಂದ ವರ್ಷ ನಿನ್ನ ತಾತ ನನಗೆ ಕಲಿಸಿದ ಮೊದಲ ಪಾಠ ಅದು. ನಂಬರು ಸರಿಯಿದ್ದರೆ ಕೋವಿ ಸರಿ.

ಕನಕಪುರದ ದೊಡ್ಡಬೈರಪ್ಪನವರೂ ತಂದುಕೊಟ್ಟರು. ನಿನ್ನ ತಾತ ಒಂದೇ ಪೆಟ್ಟಿಗೆಯಲ್ಲಿ ಎರಡು ರೈಫಲ್ ತರಿಸಿದ್ದರಲ್ಲ, ಒಂದು ನಮಗೆ, ಒಂದು ಅವರಿಗೆ. ಅವರು ವರ್ಷಕ್ಕೆ ಎರಡು ಸಲವೂ ಹೊಡೆಯುವುದಿಲ್ಲ, ಹೊಸದಾಗೇ ಇದೆ. "ನಿಮ್ ಹುಡುಗಿ ಹೆಂಗ್ ಹೊಡೀತವ್ಳೆ ಅಮ್ಮಾ? ನಮ್ದೂ ಅದೇ ರೈಫಲ್ಲು, ನಾನ್ ಮಾತ್ರ ಹಂದೀನೂ ಹೊಡೀಲಾರೆ" ಎಂದು ಕಾಫಿ ಕುಡಿದು ಹೋದರು.

ಯುಗಾದಿಗೆ ಎರಡು ದಿನ ಬಾ. ರೈಫಲ್ ತಾ. ಪ್ರಯಾಣದ ಕಾಗದಪತ್ರ ಮರೆತರೆ ರೈಲ್ವೆ ಸ್ಟೇಷನ್ನಿಗೆ ನಾನು ಬರುವುದಿಲ್ಲ.

ಲಕ್ಷ್ಮೀದೇವಮ್ಮ


ಪುಣೆ
18 ಏಪ್ರಿಲ್ 2024

ಅಜ್ಜಿ,

ಅಜ್ಜಿ ಅಜ್ಜಿ ಅಜ್ಜಿ! ನಿನ್ನೆ ಅರವತ್ತು ಗುಂಡುಗಳಲ್ಲಿ ಐವತ್ತೆಂಟು ಹತ್ತರ ಮೇಲೆ! ಕೋಚ್ ಪ್ರಿಯಂವದಾ ಮೇಡಂ ಬಂದು ರೈಫಲ್ ಮುಟ್ಟಿ ನೋಡಿ, "ಏನ್ ಪೂಜೆ ಮಾಡಿಸ್ಕೊಂಡ್ ಬಂದೆ?" ಅಂದರು. ಅಜ್ಜಿ ಮಾಡಿಸಿದ್ದು ಅಂದೆ.

ತಾತ ಇಂಥದ್ದೊಂದು ಅಪ್ಪರನ್ನು ಅಟ್ಟದ ಮೇಲೆ ಇಷ್ಟು ವರ್ಷ ಎತ್ತಿಟ್ಟಿದ್ದರು ಅನ್ನೋದೇ ನನಗೆ ಆಶ್ಚರ್ಯ. ಇಷ್ಟು ಹೊಸದಾಗಿದೆ, ಧೂಳೂ ಇರಲಿಲ್ಲ. ಹಬ್ಬದ ದಿನ ಅಂಗಡಿ ಬಾಗಿಲು ಹಾಕಿಕೊಂಡು ನೀವೇ ಕೈಯಾರೆ ಕೂರಿಸಿಕೊಟ್ಟಿರಿ, ಪುಟ್ಟಯ್ಯಮಾಮನಿಗೂ ಹೇಳಿ ಕಳಿಸಲಿಲ್ಲ. ನಿಮಗೆ ಈ ಕೆಲಸ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಒಂದು ಮಾತು. ನನ್ನ ಹಳೆಯ ಅಪ್ಪರನ್ನು ಬಿಸಾಕಿಬಿಡಿ. ಅದರಿಂದ ಇನ್ನೇನೂ ಉಪಯೋಗವಿಲ್ಲ. ಪುಟ್ಟಯ್ಯಮಾಮ ಸುಮ್ಮನೆ ಅದನ್ನು ಉಜ್ಜುತ್ತಾ ಕೂರೋದು ಬೇಡ.

ವಾಣಿ


ಚಾಮರಾಜಪೇಟೆ
2 ಮೇ 2024

ವಾಣಿ,

ಐವತ್ತೆಂಟು ಎಂದರೆ ಎರಡು ತಪ್ಪಿದೆ ಎಂದು ಅರ್ಥ. ಆ ಎರಡರ ಬಗ್ಗೆ ನೀನು ಬರೆದಿಲ್ಲ.

ಬಿಸಾಕು ಎನ್ನುವ ಮಾತು ನನ್ನ ಮುಂದೆ ಆಡಬೇಡ. ಹೊಸದು ಕೈಗೆ ಬಂದ ಹತ್ತೇ ದಿನಕ್ಕೆ ಹಳೆಯದು ಬೇಡವಾಯಿತೇ? ಹದಿನೈದು ವರ್ಷ ದುಡಿದ ವಸ್ತು ಅದು. ಈ ಅಂಗಡಿಯಲ್ಲಿ ಒಂದು ತಿರುಪನ್ನೂ ಎಸೆಯುವ ಪದ್ಧತಿಯಿಲ್ಲ. ನಿನ್ನ ಅಮ್ಮ ಹೋದಮೇಲೆ ನಿನ್ನನ್ನು ಬೆಳೆಸಿದ್ದು ನಾನು. ಈ ದುಂದು ಎಲ್ಲಿ ಕಲಿತೆ ಎಂದು ಜನ ನನ್ನನ್ನು ಕೇಳುತ್ತಾರೆ.

ನಾನು ಕೊಟ್ಟ ಅಪ್ಪರನ್ನು ಜೂನ್ ಹತ್ತರೊಳಗೆ ಒಂದು ಸಲ ಊರಿಗೆ ತಂದು ತೋರಿಸು. ನೋಡಿ, ಆಮೇಲೆ ಬೇಕಾದರೆ ಮತ್ತೆ ಕೊಡುತ್ತೇನೆ. ಏಕೆ ಎಂದು ಕೇಳಬೇಡ.

ನಮ್ಮಲ್ಲಿ ಮತದಾನ ಮುಗಿಯಿತು, ಎಣಿಕೆ ಜೂನ್ ನಾಲ್ಕಕ್ಕೆ. ಬೆಳಿಗ್ಗೆ ಏಳಕ್ಕೇ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದೆ.

ಲಕ್ಷ್ಮೀದೇವಮ್ಮ


ಪುಣೆ
28 ಮೇ 2024

ಅಜ್ಜಿ,

ಜೂನ್ ಹತ್ತಕ್ಕೆ ಆಗಲ್ಲ. ಟ್ರಯಲ್ ಮುಗಿಯೋವರೆಗೆ ಯಾರಿಗೂ ರಜೆ ಇಲ್ಲ, ಭಾನುವಾರದ ಫೋನನ್ನೂ ನಿಲ್ಲಿಸಿದ್ದಾರೆ. ನಾನೀಗ ಎರಡನೆಯವಳು. ಅಪ್ಪರ್ ನಮ್ಮದೇ ತಾನೆ, ಯಾಕೆ ಇಷ್ಟು ಆತುರ? ಜುಲೈ ಮೊದಲ ವಾರ ನಾನೇ ತರುತ್ತೇನೆ, ಪದಕದ ಜೊತೆ.

ವಾಣಿ


ಚಾಮರಾಜಪೇಟೆ
3 ಜೂನ್ 2024

ವಾಣಿ,

ಆಗಲಿ. ಜುಲೈ ಮೊದಲ ವಾರ ಎಂದರೆ ಮೊದಲ ವಾರವೇ. ಕಳೆದ ವರ್ಷದ ಚುನಾವಣೆಯಲ್ಲಿ ದೊಡ್ಡಬೈರಪ್ಪನವರು ತಮ್ಮ ಕೋವಿ ಬಿಡಿಸಿಕೊಳ್ಳಲು ಬಂದದ್ದು ಆಗಸ್ಟಿನಲ್ಲಿ. ಅದಕ್ಕೂ ಹಿಂದಿನ ಸಲ ದಸರಾಕ್ಕೆ. ಎಲ್ಲರೂ ನಿನ್ನ ಹಾಗೆ ಆತುರಗಾರರಲ್ಲ.

ಕಣ್ಣಿಗೆ ಬಿಸಿಲು ಹೊಡೆಯದಂತೆ ಟೋಪಿ ಹಾಕಿಕೋ.

ಲಕ್ಷ್ಮೀದೇವಮ್ಮ


ಚಾಮರಾಜಪೇಟೆ
19 ಜೂನ್ 2024

ವಾಣಿ,

ಈ ಪತ್ರವನ್ನು ಒಬ್ಬಳೇ ಕೂತು ಓದು.

ನಿನ್ನ ರೈಫಲ್ಲಿನ ಮೇಲಿರುವ ಅಪ್ಪರ್ ತಾತ ಅಟ್ಟದ ಮೇಲೆ ಇಟ್ಟದ್ದಲ್ಲ. ಅದು ದೊಡ್ಡಬೈರಪ್ಪನವರದು. ಠೇವಣಿಗೆ ಬಂದ ಅವರ ರೈಫಲ್ಲಿನಿಂದ ನಾನು ಕಳಚಿದೆ. ನಿನ್ನ ಹಳೆಯದನ್ನು ಅವರ ರೈಫಲ್ಲಿಗೆ ಕೂರಿಸಿದೆ. ಪುಸ್ತಕದಲ್ಲಿ ನಾವು ಬರೆಯುವ ನಂಬರು ಇರುವುದು ಕೆಳಗಿನ ಭಾಗಕ್ಕೆ. ಮೇಲಿನದಕ್ಕೆ ಯಾವ ದಾಖಲೆಯೂ ಇಲ್ಲ. ಅವರು ಬರುವ ಮೊದಲು ತಿರುಗಿ ಬದಲಾಯಿಸಿದರೆ ಆಯಿತು ಎಂದುಕೊಂಡೆ. ನಲವತ್ತೊಂಬತ್ತು ವರ್ಷ ಇನ್ನೊಬ್ಬರ ಕೋವಿಯ ತೊಗಲುಪಟ್ಟಿಯನ್ನೂ ಸಡಿಲಿಸದವಳು ನಾನು. ನಿನ್ನ ಒಂದು ಪಾಯಿಂಟಿಗಾಗಿ ಇಷ್ಟು ಮಾಡಿದೆ.

ಅವರು ಈ ಸಲ ಆಗಸ್ಟಿನವರೆಗೆ ಕಾಯಲಿಲ್ಲ. ತೋಟಕ್ಕೆ ಹಂದಿ ನುಗ್ಗುತ್ತಿವೆ ಎಂದು 12ನೇ ತಾರೀಖು ಬಂದು ಕೂತರು. ಕೊಡುವುದಿಲ್ಲ ಎನ್ನಲು ನನಗೆ ಕಾರಣವಿರಲಿಲ್ಲ. ಇದ್ದ ಕಾರಣವನ್ನು ಹೇಳಲು ನಾಲಿಗೆ ಏಳಲಿಲ್ಲ. ದಣಿದಿದೆ ಎಂದು ತಾನೇ ನೀನು ಬರೆದದ್ದು. ದಣಿದ ನಳಿಗೆ ಗುರಿ ತಪ್ಪುತ್ತದೆ, ಅಷ್ಟೇ, ಹಂದಿ ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ ಎಂದುಕೊಂಡೆ.

ಪುಟ್ಟಯ್ಯ ನಂಬರು ಓದಿದ. ಓದಿದವನು ಕೋವಿಯನ್ನು ಕೆಳಗಿಡಲಿಲ್ಲ. ಎರಡು ಸಲ ಕೈಯಲ್ಲಿ ತೂಗಿದ. "ಅಮ್ಮಾವ್ರೇ, ಒಂದ್ಸಲ ಬಿಚ್ಚಿ ನೋಡ್ಬಿಡ್ಲಾ? ಯಾಕೋ ಇದು ಇವ್ರದ್ದು ಅನ್ಸ್ತಿಲ್ಲ" ಎಂದ. ನಾನು ಗದರಿದೆ. "ನಂಬರ್ ಸರಿ ಇದೆಯಲ್ಲ, ರುಜು ಹಾಕಿ ಕೊಡು, ಅವರಿಗೆ ಬಸ್ಸಿಗೆ ಹೊತ್ತಾಗುತ್ತೆ" ಎಂದೆ. ಹಾಕಿದ.

14ನೇ ತಾರೀಖು ಬೆಳಿಗ್ಗೆ ತೋಟದಲ್ಲಿ ಅವರು ಹೊಡೆದ ಮೊದಲ ಗುಂಡಿಗೇ ಅಪ್ಪರ್ ಸಿಡಿದಿದೆ. ಬಲಗಣ್ಣು ಹೋಯಿತು. ಎಡಗಣ್ಣಿನ ಬಗ್ಗೆ ಡಾಕ್ಟರು ಏನೂ ಹೇಳುತ್ತಿಲ್ಲ.

ನಿನ್ನ ಕೈಯಲ್ಲಿರುವುದನ್ನು ಕಳಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕು. ಅದರಿಂದ ಇನ್ನು ಒಂದು ಗುಂಡೂ ಹೊಡೆಯಬೇಡ. ಮುಂದೇನು ಎಂದು ನಾನು ಬರೆಯುತ್ತೇನೆ. ಅಂಗಡಿ ಮುಚ್ಚಿದೆ. ಪುಟ್ಟಯ್ಯ ಬರುತ್ತಿಲ್ಲ.

ದಣಿದ ಅಪ್ಪರ್ ಸಿಡಿಯುವುದನ್ನು ನಾನು ಈವರೆಗೆ ಕಂಡಿಲ್ಲ. ನಿನಗೆ ಗೊತ್ತಿದ್ದು ಬರೆಯದೆ ಬಿಟ್ಟದ್ದು ಏನಾದರೂ ಇದೆಯೇ?

ಲಕ್ಷ್ಮೀದೇವಮ್ಮ


ಪುಣೆ
25 ಜೂನ್ 2024

ಅಜ್ಜಿ,

ಇತ್ತು.

ಫೆಬ್ರವರಿಯಲ್ಲಿ ಇಲ್ಲಿನ ಕೋವಿ ರಿಪೇರಿಯವರು ದೀಪದ ಕೆಳಗೆ ಹಿಡಿದು ತೋರಿಸಿದ್ದರು. ಒಳಗಡೆ ಕೂದಲೆಳೆಯಷ್ಟು ಬಿರುಕು. ಇನ್ನು ಇದನ್ನು ಹೊಡೆಯಲೇಬಾರದು ಅಂದರು. ಯುಗಾದಿಯವರೆಗೆ ಶಿಬಿರದ ರೈಫಲ್ಲು ಎರವಲು ಪಡೆದು ಹೊಡೆದೆ. ಜನವರಿಯಲ್ಲಿ ನಾನು ಅದನ್ನು ಮೆಟ್ಟಿಲ ಮೇಲೆ ಬೀಳಿಸಿದ್ದೆ. ಹೇಳಿದ್ದರೆ ನೀವು ರೈಫಲ್ಲನ್ನೇ ವಾಪಸ್ ತರಿಸಿಕೊಳ್ಳುತ್ತಿದ್ದಿರಿ. ಕೋವಿ ಬೀಳಿಸಿದವರು ಮತ್ತೆ ಕೋವಿ ಮುಟ್ಟಬಾರದು ಅಂತ ಎಷ್ಟು ಸಲ ಹೇಳಿದ್ದೀರಿ ಅಜ್ಜಿ. ಅದಕ್ಕೇ ದಣಿದಿದೆ ಅಂತ ಬರೆದೆ. ಅದಕ್ಕೇ ಬಿಸಾಕಿ ಅಂದೆ. ಅಟ್ಟದಲ್ಲೋ ಡ್ರಾಯರಿನಲ್ಲೋ ಬಿದ್ದಿರುತ್ತೆ ಅಂದುಕೊಂಡಿದ್ದೆ. ಇನ್ನೊಬ್ಬರ ಕೈಗೆ ಹೋಗುತ್ತೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನೀವೂ ನಿಜ ಹೇಳಲಿಲ್ಲವಲ್ಲ!

ಹೀಗೆ ಬರೆದದ್ದಕ್ಕೆ ಕ್ಷಮಿಸಿ. ಮೂರು ದಿನದಿಂದ ಅನ್ನ ಸೇರಿಲ್ಲ.

ಇನ್ನು ಐದೇ ದಿನ ಅಜ್ಜಿ. ಟ್ರಯಲ್ ಮುಗಿದ ಕೂಡಲೇ ಏನು ಹೇಳಿದರೂ ಮಾಡುತ್ತೇನೆ. ದೊಡ್ಡಬೈರಪ್ಪನವರ ಕಣ್ಣು ನಾನು ಹೊಡೆಯದಿದ್ದರೆ ವಾಪಸ್ ಬರುತ್ತಾ? ಈ ಪತ್ರವನ್ನು ಓದಿ ಸುಟ್ಟುಬಿಡಿ. ನಿಮ್ಮನ್ನು ಜೈಲಿಗೆ ಹಾಕಿದರೆ ನಾನು ಬದುಕಲ್ಲ.

ವಾಣಿ


ಚಾಮರಾಜಪೇಟೆ
29 ಜೂನ್ 2024

ವಾಣಿ,

ಇದು ನಿನ್ನ ಕೈ ಸೇರುವ ಹೊತ್ತಿಗೆ ಟ್ರಯಲ್ ಮುಗಿದಿರುತ್ತದೆ. ನೀನು ಹೊಡೆದೆಯೋ ಬಿಟ್ಟೆಯೋ ನನಗೆ ತಿಳಿಯದು.

ಹೋದ ಪತ್ರದಲ್ಲಿ ಪುಟ್ಟಯ್ಯ ಬರುತ್ತಿಲ್ಲ ಎಂದು ಬರೆದೆ. ನಿಜ ಬರೆಯಲು ನಾಚಿಕೆಯಾಯಿತು. ಅವನನ್ನು 15ನೇ ತಾರೀಖು ಪೊಲೀಸರು ಕರೆದುಕೊಂಡು ಹೋದರು. ಪುಸ್ತಕದಲ್ಲಿ ಪರೀಕ್ಷಿಸಿ ಕೊಟ್ಟವರು ಎನ್ನುವ ಕಡೆ ಇರುವುದು ಅವನ ರುಜು. ಬಿರುಕಿದ್ದ ಕೋವಿಯನ್ನು ನೋಡದೆ ಕೊಟ್ಟ ಎಂದು ಕೇಸು. ಜಾಮೀನು ಸಿಕ್ಕಿಲ್ಲ.

ಮೂರನೆಯ ದಿನ ನಾನು ನೋಡಲು ಹೋದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ಅಮ್ಮಾವ್ರೇ, ನಂದೇ ತಪ್ಪು. ಕಣ್ಣು ಮಂಜಾಗ್ಬಿಟ್ಟಿದೆ. ಬಂದಾಗ್ಲೇ ಬಿರುಕಿತ್ತು ಅನ್ಸತ್ತೆ, ನಾನೇ ನೋಡ್ಲಿಲ್ಲ. ಯಜಮಾನ್ರು ಇದ್ದಿದ್ರೆ ಏನಂತಿದ್ರೋ" ಎಂದು ಕೈ ಮುಗಿದ. ಬಿಚ್ಚಿ ನೋಡ್ಲಾ ಎಂದು ತಾನು ಕೇಳಿದ್ದು ಅವನಿಗೆ ನೆನಪೇ ಇಲ್ಲ. ತನ್ನ ಕೈಯೇ ಒಬ್ಬರ ಕಣ್ಣು ತೆಗೆಯಿತು ಎಂದು ನಂಬಿ ಕೂತಿದ್ದಾನೆ.

ಅವನ ಹೆಂಡತಿ ಮುನಿಯಕ್ಕ ಬಿನ್ನಿಪೇಟೆಯಿಂದ ದಿನವೂ ಕ್ಯಾರಿಯರ್ ಹಿಡಿದು ನಡೆದು ಬರುತ್ತಾಳೆ. ಜೈಲಿನ ಬಸ್ಸಿಗೆ ಹೋಗುವ ದಾರಿಯಲ್ಲಿ ನಮ್ಮ ಮೆಟ್ಟಿಲ ಮೇಲೆ ಕೂರುತ್ತಾಳೆ. "ಅವ್ರ ಕೈ ನಡುಗ್ತದೆ ಅಮ್ಮಾವ್ರೇ, ಇಲ್ಲ ಅನ್ನಲ್ಲ. ಆದ್ರೆ ಕೋವಿ ಹಿಡಿದ್ರೆ ನಡುಗಲ್ಲ" ಎನ್ನುತ್ತಾಳೆ. ನೀರು ಕೊಡುತ್ತೇನೆ. ಅವಳ ಮುಖ ನೋಡುವುದಿಲ್ಲ.

ಸೋಮವಾರ ಠಾಣೆಗೆ ಹೋಗಿ ಅಪ್ಪರ್ ಬದಲಾಯಿಸಿದವಳು ನಾನು ಎಂದು ಹೇಳಿದೆ. ಇನ್ಸ್‌ಪೆಕ್ಟರ್ ಕೈಲಾಸ್ ಎನ್ನುವವರು ಕುರ್ಚಿ ಹಾಕಿಸಿ, ಟೀ ತರಿಸಿದರು. "ಅಮ್ಮಾ, ನಲವತ್ತು ವರ್ಷದ ಆಳನ್ನ ಉಳಿಸ್ಕೊಳ್ಳೋಕೆ ಬಂದಿದೀರ, ದೊಡ್ಡ ಮನಸ್ಸು ನಿಮ್ದು. ಆದ್ರೆ ನಿಮ್ಮ ಅಂಗಡಿ ಪುಸ್ತಕನ ನಾವು ಹೊಸ ಹುಡುಗ್ರಿಗೆ ಮಾದರಿ ಅಂತ ತೋರಿಸ್ತೀವಿ. ನೀವು ಇಂಥದ್ದು ಮಾಡೋರಾ?" ಎಂದರು. ಮಾಡಿದೆ ಎಂದೆ. "ಹಾಗಾದ್ರೆ ಅವರ ಒಳ್ಳೇ ಅಪ್ಪರ್ ಎಲ್ಲಿ? ತಂದಿಡಿ, ಈಗ್ಲೇ ಬರ್ಕೋತೀನಿ" ಎಂದರು.

ನಿನ್ನ ಹೆಸರು ಬಾಯಿಗೆ ಬಂದು ನಿಂತಿತು. ನುಂಗಿಕೊಂಡು ಎದ್ದು ಬಂದೆ. ಜನ ಇಟ್ಟ ಮರ್ಯಾದೆಯನ್ನೇ ಇಷ್ಟು ವರ್ಷ ಹೊದ್ದುಕೊಂಡು ಓಡಾಡಿದೆ. ಈಗ ಅದು ಪುಟ್ಟಯ್ಯನ ಕುತ್ತಿಗೆಗೆ ಬಿದ್ದಿದೆ.

ಮನೆಗೆ ಬಂದಾಗ ನಿನ್ನ ಉತ್ತರ ಇನ್ನೂ ಬಂದಿರಲಿಲ್ಲ. ನಿನ್ನೆ ಬಂತು. ಸುಟ್ಟಿಲ್ಲ.

ಈಗ ನಾನು ಹೇಳಿದಂತೆ ಮಾಡು. ನಿನ್ನ ಕೋಚ್ ಪ್ರಿಯಂವದಾ ಅವರ ಮುಂದೆ ಎಲ್ಲ ಹೇಳು. ಆ ಅಪ್ಪರನ್ನು ಅವರ ಎದುರಿಗೇ ಮೊಹರು ಮಾಡಿಸಿ ಅಲ್ಲಿನ ಪೊಲೀಸರಿಗೆ ಒಪ್ಪಿಸು, ರಸೀದಿ ಕಳಿಸು. ದೊಡ್ಡಬೈರಪ್ಪನವರ ಅಪ್ಪರ್ ಎನ್ನಲು ಗುರುತಿದೆ. ಬಲಗಡೆ ಅವರ ಮಗಳು ಚಿಕ್ಕವಳಿದ್ದಾಗ ಮೊಳೆಯಿಂದ ಗೀಚಿದ ಒಂದು ಗೆರೆ. ಅವರೇ ನಗುತ್ತಾ ತೋರಿಸಿದ್ದರು, ಅವರ ಮನೆಯವರಿಗೆಲ್ಲ ಗೊತ್ತು. ಆ ಗೆರೆಯೊಂದೇ ಪುಟ್ಟಯ್ಯನನ್ನು ಬಿಡಿಸುವುದು.

ಲಕ್ಷ್ಮೀದೇವಮ್ಮ


ಪುಣೆ
30 ಜೂನ್ 2024

ಅಜ್ಜಿ,

ಇವತ್ತು ಟ್ರಯಲ್. ನಾನು ಹೊಡೆಯಲಿಲ್ಲ.

ಸಾಲಿನಲ್ಲಿ ಹೋಗಿ ಮಲಗಿದೆ. ಕೆನ್ನೆ ಆನಿಸಿದೆ. ಅಪ್ಪರಿನ ಬಲಗಡೆ ಒಂದು ಗೀಚು ಗೆರೆಯಿದೆ, ದಿನಾ ನೋಡುತ್ತಿದ್ದೆ. ಇವತ್ತು ಅದರ ಮೇಲೇ ಕಣ್ಣು ನಿಂತುಹೋಯಿತು. ರೈಫಲ್ ಕೆಟ್ಟಿದೆ ಅಂತ ಹೇಳಿ ಎದ್ದು ಬಂದೆ. ಪ್ರಿಯಂವದಾ ಮೇಡಂ ನನ್ನ ಜೊತೆ ಮಾತಾಡುತ್ತಿಲ್ಲ. ಮೂರನೆಯ ಜಾಗಕ್ಕೆ ಇನ್ಯಾರೋ ಹೋದರು.

ಮಧ್ಯಾಹ್ನ ಹೊರಗೆ ಬಿಟ್ಟರು. ಆ ಅಪ್ಪರನ್ನು ಕಳಚಿ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗಿ ಸೇತುವೆ ಮೇಲಿಂದ ನದಿಗೆ ಹಾಕಿದೆ. ಮಳೆ ಬಂದು ನೀರು ತುಂಬಿ ಹರಿಯುತ್ತಿತ್ತು, ಬಿದ್ದ ಸದ್ದೂ ಕೇಳಲಿಲ್ಲ. ಇನ್ನು ಯಾರು ಹುಡುಕಿದರೂ ಸಿಗಲ್ಲ. ಅದಕ್ಕೆ ನಂಬರಿಲ್ಲ, ದಾಖಲೆಯಿಲ್ಲ ಅಂತ ನೀವೇ ಬರೆದಿದ್ದಿರಿ. ನೀವು ಏನು ಮಾಡಿದಿರಿ ಅಂತ ಯಾರಿಗೂ ಯಾವತ್ತೂ ತೋರಿಸೋಕಾಗಲ್ಲ ಅಜ್ಜಿ. ನಿಮಗೆ ಇನ್ನು ಏನೂ ಆಗಲ್ಲ.

ನನ್ನ ಕೈಲಾದದ್ದು ಇದೊಂದೇ. ಮಾಡಿದ್ದೇನೆ.

ಪುಟ್ಟಯ್ಯಮಾಮನನ್ನು ಕೇಳಿದೆ ಅಂತ ಹೇಳಿ. ರಜೆ ಮುಗಿಸಿ ಬಂದರಾ?

ವಾಣಿ


ಚಾಮರಾಜಪೇಟೆ
6 ಜುಲೈ 2024

ವಾಣಿ,

ನಿನ್ನ ಪತ್ರವೂ ನನ್ನದೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ಇಷ್ಟು ಹೊತ್ತಿಗೆ ನನ್ನದನ್ನು ಓದಿರುತ್ತೀ. ನದಿಗೆ ಹಾಕಿದ್ದು ಏನು ಎಂದು ನಿನಗೆ ಗೊತ್ತಾಗಿರುತ್ತದೆ.

ಬೈಯಲು ಮೂರು ಸಲ ಕೂತೆ. ಬರೆದದ್ದನ್ನೆಲ್ಲ ಓದಿದರೆ ಪ್ರತಿಯೊಂದು ಬೈಗುಳವೂ ನನಗೇ ಹೊಂದುತ್ತಿತ್ತು. ಬೀಳಿಸಿದ ಮಗು ಬಂದು ಬೀಳಿಸಿದೆ ಎನ್ನಲು ಹೆದರುವಂಥ ಮನೆ ಕಟ್ಟಿದವಳು ನಾನು. ನೀನು ಟ್ರಯಲ್ ಬಿಟ್ಟು ಎದ್ದು ಬಂದದ್ದನ್ನು ಓದಿದಾಗ ಒಂದು ಗಳಿಗೆ ಎದೆ ತುಂಬಿತು. ಮುಂದಿನ ಸಾಲು ಓದಿದೆ.

ದೊಡ್ಡಬೈರಪ್ಪನವರ ಎಡಗಣ್ಣಿಗೆ ಬೆಳಕು ಮಾತ್ರ ಗೊತ್ತಾಗುತ್ತದೆ, ಆಕಾರ ಇಲ್ಲ. ಬುಧವಾರ ಆಸ್ಪತ್ರೆಯಲ್ಲಿ ಅವರಿಗೂ ಎಲ್ಲ ಹೇಳಿದೆ. "ಕೇಳಿದ್ರೆ ನಾನೇ ಕೊಡ್ತಿದ್ನಲ್ಲಮ್ಮಾ" ಎಂದರು. ಅಷ್ಟೇ. ಆಮೇಲೆ ಗೋಡೆಯ ಕಡೆ ತಿರುಗಿದರು.

ಕೇಳಬಹುದಿತ್ತು. ಕನಕಪುರಕ್ಕೆ ಒಂದು ಫೋನು. ಇಲ್ಲ ಎನ್ನುತ್ತಿರಲಿಲ್ಲ ಅವರು, ಒಪ್ಪಿಗೆ ಬರೆದುಕೊಟ್ಟು ಕಾಫಿ ಕುಡಿದು ಹೋಗುತ್ತಿದ್ದರು. ಲಕ್ಷ್ಮೀದೇವಮ್ಮ ಇನ್ನೊಬ್ಬರ ಮುಂದೆ ಕೈಚಾಚಬೇಕಿತ್ತು, ಅದೊಂದು ನನ್ನಿಂದ ಆಗಲಿಲ್ಲ.

ಅಪ್ಪರ್ ಹೋಯಿತು. ಪುಟ್ಟಯ್ಯನ ಪಾಲಿಗೆ ಈಗ ಉಳಿದಿರುವುದು ನಿನ್ನ ಪತ್ರಗಳು. ಬಿರುಕಿನದು, ನದಿಯದು, ಅದಕ್ಕೂ ಮುಂಚಿನ ಮೂರು. ಐದನ್ನೂ ತಾರೀಖಿನ ಪ್ರಕಾರ ಜೋಡಿಸಿ, ನಾನು ನಿನಗೆ ಬರೆದವುಗಳ ಕಾರ್ಬನ್ ಪ್ರತಿಗಳನ್ನೂ ಇಟ್ಟು ದಾರ ಹಾಕಿದ್ದೇನೆ. ಸೋಮವಾರ ಹತ್ತು ಗಂಟೆಗೆ ಠಾಣೆಗೆ ಕೊಡುತ್ತೇನೆ. ಈ ಸಲ ಇನ್ಸ್‌ಪೆಕ್ಟರ್ ಟೀ ತರಿಸುವುದಿಲ್ಲ. ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ನಿನ್ನ ಲೈಸೆನ್ಸ್ ಹೋಗುತ್ತದೆ. ಇನ್ನು ನೀನು ಆ ಸಾಲಿನಲ್ಲಿ ಮಲಗಲಾರೆ. ಅದನ್ನು ನಿನ್ನಿಂದ ಕಿತ್ತುಕೊಳ್ಳುತ್ತಿರುವುದು ಪೊಲೀಸರಲ್ಲ, ನಾನು. ನಿನ್ನ ಅಜ್ಜಿ ಎಂದು ತಿಳಿದೇ ಮಾಡುತ್ತಿದ್ದೇನೆ. ಬಂದವರ ಮುಂದೆ ಅಳಬೇಡ, ಸುಳ್ಳು ಹೇಳಬೇಡ, ನನ್ನನ್ನು ಉಳಿಸಲು ಹೋಗಬೇಡ.

ಅಂಗಡಿಯ ಬೋರ್ಡನ್ನು ನಿನ್ನೆ ಇಳಿಸಿದೆ. ಗೋಡೆಯ ಮೇಲೆ ಅಷ್ಟು ಜಾಗ ಬೆಳ್ಳಗೆ ಕಾಣುತ್ತದೆ.

ನೀನು ಇನ್ನೊಂದು ಪತ್ರ ಬರೆಯುವುದು ಬಾಕಿಯಿದೆ. ನನಗಲ್ಲ, ಪುಟ್ಟಯ್ಯನಿಗೆ. ಬಿರುಕು ಯಾವಾಗ ಬಿತ್ತು, ಯಾರಿಂದ ಬಿತ್ತು, ಅವನ ಕಣ್ಣು ತಪ್ಪಲಿಲ್ಲ, ಅವನು ಬಿಚ್ಚಿ ನೋಡುತ್ತೇನೆ ಎಂದಾಗ ತಡೆದವಳು ನಾನು, ಎಲ್ಲ ಬರೆ. ನಾನು ಎರಡು ಸಲ ಹೇಳಿದೆ. ಅಮ್ಮಾವ್ರು ಸಮಾಧಾನಕ್ಕೆ ಹೇಳ್ತಾರೆ ಎಂದು ತಲೆಯಾಡಿಸಿದ. ನಿನ್ನ ಮಾತನ್ನು ನಂಬಿಯಾನು.

ದೊಡ್ಡ ಅಕ್ಷರದಲ್ಲಿ ಬಿಡಿಸಿ ಬರೆ, ನನ್ನ ಕಣ್ಣೂ ಮೊದಲಿನಂತಿಲ್ಲ. ಅವನಿಗೆ ಓದಲು ಬರುವುದು ಕೋವಿಯ ಮೇಲಿನ ನಂಬರು ಮಾತ್ರ ಎಂದು ನಿನಗೆ ಗೊತ್ತಲ್ಲ. ನಲವತ್ತು ವರ್ಷ ಅವನು ಗಟ್ಟಿಯಾಗಿ ಓದಿದ, ನಾನು ಬರೆದುಕೊಂಡೆ. ಇದನ್ನು ನಾನು ಓದುತ್ತೇನೆ. ಅವನು ಕೂತು ಕೇಳಲಿ.

ಲಕ್ಷ್ಮೀದೇವಮ್ಮ